ಕಲ್ಲು ಎಳೆದವರಿಗೂ ಒಂದು ಸಾಲು: ರಾಯಚೂರಿನ ಒಂದು ಪ್ರಕರಣ

ಸೆಪ್ಟೆಂಬರ್ 15 ಬಂತು ಅಂದರೆ ಸಿವಿಲ್ ಇಂಜಿನಿಯರ್‌ಗಳಿಗೆ ಹಬ್ಬ. ವಿಶ್ವೇಶ್ವರಯ್ಯನವರ ಫೋಟೊಗೆ ಹಾರ, ಹಿರಿಯರೊಬ್ಬರ ಭಾಷಣ, ಆಮೇಲೆ ಮಂಡಾಳು ಒಗ್ಗರಣಿ, ಮಿರ್ಚಿ, ಚಹಾ. ರಾಯಚೂರಿನಲ್ಲಿ ನಮ್ಮ ಗುಂಪು ವರ್ಷಗಟ್ಟಲೆ ಹೀಗೇ ಮಾಡಿಕೊಂಡು ಬಂದಿತ್ತು. ಗುಂಪು ಅಂದರೆ ದೊಡ್ಡ ಸಂಘವೇನಲ್ಲ. ಮನೆ ಪ್ಲಾನ್ ಹಾಕಿಕೊಡುವವರು, ಸಣ್ಣಪುಟ್ಟ ಗುತ್ತಿಗೆದಾರರು, ರಿಟೈರ್ ಆದ ಇಬ್ಬರು ಜೆಇಗಳು (ಜೂನಿಯರ್ ಇಂಜಿನಿಯರ್‌ಗಳು), ಡಿಪ್ಲೊಮಾ ಓದುವ ಒಂದಷ್ಟು ಹುಡುಗ ಹುಡುಗಿಯರು.

ಒಂದು ವರ್ಷ ಭಾಷಣ ಬೇಡ, ಊರಿನ ಕಟ್ಟಡಗಳ ಪ್ರದರ್ಶನ ಇಡೋಣ ಅಂತ ಮಾತಾಯಿತು. ಹೆಸರು, 'ರಾಯಚೂರು ಕಟ್ಟಿದವರು'. ಕಟ್ಟಡಕ್ಕೊಂದು ಫ್ಲೆಕ್ಸ್, ಅದರಲ್ಲಿ ಫೋಟೊ, ಅಳತೆ, ಕಟ್ಟಿದವರ ಹೆಸರು. ಕೇಳಲು ಸುಲಭ. ಆದರೆ ಮೊದಲ ಫ್ಲೆಕ್ಸಿಗೇ ಜಗಳ ಬಿತ್ತು. ಅದು ಯಾಕೆ ಬಿತ್ತು, ಎಷ್ಟರ ಮಟ್ಟಿಗೆ ಬಗೆಹರಿಯಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಬೇರೆ ಊರಿನವರು ಇಂಥದ್ದಕ್ಕೆ ಕೈ ಹಾಕುವಾಗ ಉಪಯೋಗ ಆದೀತು.

ಮೂರು ಜನ, ಮೂರು ಹೆಸರು

ಮೊದಲ ಫ್ಲೆಕ್ಸ್ ಕೋಟೆಯದ್ದು. ಬಸ್ ಸ್ಟ್ಯಾಂಡಿನ ಹತ್ತಿರವೇ ಕೋಟೆ ಇರುವುದರಿಂದ ಊರಿನ ಪ್ರತಿಯೊಬ್ಬರೂ ಅದನ್ನು ದಿನಾ ನೋಡುತ್ತಾರೆ. ಅದರ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇದೆ. ಒಬ್ಬರು 'ಕಾಕತೀಯರ ರಾಣಿ ರುದ್ರಮ್ಮದೇವಿ ಕಟ್ಟಿಸಿದ್ದು' ಅಂದರು. ಇನ್ನೊಬ್ಬರು ಕೃಷ್ಣದೇವರಾಯನ ಹೆಸರು ದೊಡ್ಡದಾಗಿ ಬರಲೇಬೇಕು ಅಂದರು. ಮೂರನೆಯವರು ಆದಿಲ್‌ಶಾಹಿ ಬಿಟ್ಟು ರಾಯಚೂರು ಕೋಟೆ ಹೇಗೆ ಹೇಳ್ತೀರಿ ಅಂತ ಕೇಳಿದರು. ಮಾತು ಬೆಳೆದು ಕೊನೆಗೆ ನಿಮ್ಮವರು, ನಮ್ಮವರು ಅನ್ನುವಲ್ಲಿಗೆ ಹೋಯಿತು. ಇತಿಹಾಸದ ವಿಷಯಕ್ಕೆ ಇಳಿದರೆ ಈಗ ಎಲ್ಲ ಕಡೆ ಆಗುವುದು ಇದೇ ಅಲ್ವಾ?

ನಿಜ ಹೇಳಬೇಕೆಂದರೆ ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಹುರುಳಿತ್ತು. ನಾವು ಕೋಟೆ ಅಂತ ಒಂದೇ ಹೆಸರಿಂದ ಕರೆದರೂ ಅಲ್ಲಿರುವುದು ಬೇರೆ ಬೇರೆ ಕಾಲದ ಕೆಲಸ. ಒಳಗೋಡೆ 1294ರದ್ದು. ದೊಡ್ಡ ದೊಡ್ಡ ಕಲ್ಲುಗಳನ್ನು ಕೆತ್ತಿ, ಗಾರೆ ಇಲ್ಲದೆ ಒಂದರ ಮೇಲೊಂದು ಕೂರಿಸಿದ್ದಾರೆ. ಹೊರಗೋಡೆ ಬಿಜಾಪುರದ ಮೊದಲನೇ ಇಬ್ರಾಹಿಂ ಆದಿಲ್ ಶಾ ಕಾಲದ್ದು, ಅಂದರೆ 1549ರ ಸುಮಾರಿನದು. ಎರಡರ ನಡುವೆ ಇನ್ನೂರೈವತ್ತು ವರ್ಷ. ಕೃಷ್ಣಾ ಮತ್ತು ತುಂಗಭದ್ರೆ ನಡುವಿನ ಈ ನೆಲಕ್ಕಾಗಿ ಬಹಮನಿಗಳು, ವಿಜಯನಗರದವರು, ಬಿಜಾಪುರದವರು ಹೊಡೆದಾಡಿದ್ದು ಆಗಲೇ. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾನನ್ನು ಸೋಲಿಸಿ ಕೋಟೆ ಹಿಡಿದ. ಹಾಗಾಗಿ 'ಕೋಟೆ ಕಟ್ಟಿದವರು ಯಾರು' ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಕೊಡುವ ಫ್ಲೆಕ್ಸ್, ಯಾವ ಹೆಸರು ಹಾಕಿದರೂ ಸುಳ್ಳು ಹೇಳಿದ ಹಾಗೆಯೇ.

ರಿಟೈರ್ಡ್ ಜೆಇ ಒಬ್ಬರು ಸುಲಭದ ದಾರಿ ತೋರಿಸಿದರು. ಇಡೀ ಕೋಟೆ ಬೇಡ, ಗೋಡೆ ಗೋಡೆಗೆ ಬೇರೆ ಫ್ಲೆಕ್ಸ್ ಮಾಡೋಣ, ಮೊದಲು ಒಳಗೋಡೆ ತಗೊಳ್ಳೋಣ ಅಂದರು. ಜಗಳ ಅರ್ಧ ಅಲ್ಲಿಗೇ ತಣ್ಣಗಾಯಿತು.

ಗೋಡೆಯಲ್ಲಿರುವ ಕಲ್ಲು

ಒಳಗೋಡೆಯ ಪಶ್ಚಿಮ ಭಾಗದಲ್ಲಿ ಒಂದು ಭಾರಿ ಚಪ್ಪಡಿ ಇದೆ. 41 ಅಡಿಗೂ ಸ್ವಲ್ಪ ಹೆಚ್ಚು ಉದ್ದದ ಒಂದೇ ಕಲ್ಲು. ಅದರ ಮೇಲೆ ಶಾಸನ. ಕಾಕತೀಯರ ಕಡೆಯ ವಿಠ್ಠಲ ಅನ್ನುವ ಅಧಿಕಾರಿ ಆದವಾನಿ, ತುಂಬಳ, ಮಾನುವ, ಹಾಲುವ ಈ ಕೋಟೆಗಳು ವಶವಾದ ಮೇಲೆ ರಾಯಚೂರಿಗೆ ಬಂದು ಈ ಕೋಟೆ ಕಟ್ಟಿಸಿದ ಅನ್ನುವುದು ಅದರ ಸಾರ. ಆದವಾನಿ ಅಂದರೆ ಈಗಿನ ಆಂಧ್ರದ ಆದೋನಿ, ಮಾನುವ ಅಂದರೆ ನಮ್ಮ ಮಾನ್ವಿ.

ಹೀಗೆ ಕಟ್ಟಿಸಿದವನ ಹೆಸರು ಸಿಕ್ಕಿತು. ರಾಣಿಯ ಹೆಸರು? ಪ್ರವಾಸಿ ಕೈಪಿಡಿಗಳೆಲ್ಲ ರುದ್ರಮ್ಮದೇವಿಯ ಅಪ್ಪಣೆಯಂತೆ ಅಂತ ಬರೆಯುತ್ತವೆ. ಆದರೆ ನಲ್ಗೊಂಡ ಕಡೆಯ ಚಂದುಪಟ್ಲದ ಶಾಸನದ ಪ್ರಕಾರ ಅವಳು 1289ರ ಹೊತ್ತಿಗೇ ತೀರಿಕೊಂಡಿದ್ದಳು. 1294ರಲ್ಲಿ ವಾರಂಗಲ್ಲಿನ ಗದ್ದುಗೆ ಮೇಲಿದ್ದವನು ಅವಳ ಮೊಮ್ಮಗ ಪ್ರತಾಪರುದ್ರ. ಇದನ್ನು ಹೇಳಿದಾಗ ರುದ್ರಮ್ಮದೇವಿ ಪರ ಇದ್ದವರಿಗೆ ಬೇಜಾರಾಯಿತು. 'ಒಬ್ಬಳೇ ಒಬ್ಬ ಹೆಣ್ಣುಮಗಳ ಹೆಸರಿತ್ತು, ಅದನ್ನೂ ತೆಗೀತೀರಲ್ಲ' ಅಂದಳು ಡಿಪ್ಲೊಮಾ ಹುಡುಗಿಯೊಬ್ಬಳು. ಅವಳ ಬೇಜಾರು ನನಗೂ ಅರ್ಥವಾಗುತ್ತದೆ. ಆದರೆ ಇಸವಿ ಹೊಂದದ ಹೆಸರನ್ನು ಬರೀ ಪ್ರೀತಿಗೆ ಹಾಕಿದರೆ, ನಾಳೆ ಇನ್ನೊಬ್ಬರು ಅವರ ಪ್ರೀತಿಯ ಹೆಸರು ತರುತ್ತಾರೆ.

ನಮಗೆಲ್ಲ ಹಿಡಿಸಿದ್ದು ಆ ಶಾಸನಕ್ಕಿಂತ ಚಿತ್ರ. ಅದೇ ಗೋಡೆಯ ಮೇಲೆ ಈ ಚಪ್ಪಡಿಯನ್ನು ಸಾಗಿಸಿ ತಂದದ್ದು ಹೇಗೆ ಅಂತ ಗೀರಿ ತೋರಿಸಿದ್ದಾರೆ. ಬಂಡಿಯ ಮೇಲೆ ಉದ್ದನೆಯ ಕಲ್ಲು. ಬಂಡಿಗೆ ಅರ ಇಲ್ಲದ ಗಟ್ಟಿ ಗಾಲಿಗಳು. ಮುಂದೆ ಕೋಣಗಳ ಉದ್ದ ಸಾಲು. ನಡುನಡುವೆ ಅವುಗಳನ್ನು ಹುರಿದುಂಬಿಸುವ ಆಳುಗಳು. ಹಿಂದೆ ಗಾಲಿಗೆ ಮೀಟುಗೋಲು ಕೊಡುತ್ತಿರುವ ಜನ. ಏಳುನೂರು ವರ್ಷದ ಹಿಂದಿನ ಸೈಟಿನ ಚಿತ್ರ! ಈಗಿನ ಯಾವ ಗುತ್ತಿಗೆದಾರನಾದರೂ ಶಂಕುಸ್ಥಾಪನೆಯ ಕಲ್ಲಿನಲ್ಲಿ ಕೂಲಿಯವರನ್ನು ಕೆತ್ತಿಸಿದ್ದು ನಾನಂತೂ ನೋಡಿಲ್ಲ. ಶಾಸಕರ ಹೆಸರು ಇರುತ್ತದೆ, ಅಧ್ಯಕ್ಷರ ಹೆಸರು ಇರುತ್ತದೆ, 'ಘನ ಉಪಸ್ಥಿತಿ' ಇರುತ್ತದೆ.

ಇಂಜಿನಿಯರ್‌ಗಳ ಗುಂಪು ಅಂದಮೇಲೆ ಲೆಕ್ಕ ಹಾಕದೆ ಇರಲು ಆಗುತ್ತದೆಯೇ? ಚಪ್ಪಡಿಯ ಎತ್ತರ ಸುಮಾರು ಮೂರು ಅಡಿ. ದಪ್ಪ ಗೋಡೆಯೊಳಗೆ ಇರುವುದರಿಂದ ಕಾಣುವುದಿಲ್ಲ. ಗ್ರಾನೈಟ್ ಒಂದು ಘನ ಅಡಿಗೆ 75 ಕೆಜಿ ತೂಗುತ್ತದೆ ಅಂತ ಹಿಡಿದರೆ, ದಪ್ಪದ ಪ್ರತಿ ಒಂದು ಅಡಿಗೆ ಒಂಬತ್ತು ಟನ್‌ಗೂ ಮೇಲೆ ಬರುತ್ತದೆ. ಒಂದೂವರೆ ಅಡಿ ದಪ್ಪ ಇದ್ದರೆ ಹದಿನಾಲ್ಕು ಟನ್ ಹತ್ತಿರ. ಈಗ ಇಷ್ಟು ತೂಕದ ಕಲ್ಲಿಗೆ ಕ್ರೇನ್ ಕರೆಸುತ್ತೇವೆ. ಕಲ್ಲಿನ ತೂಕಕ್ಕಿಂತ ಅದರ ಉದ್ದವೇ ದೊಡ್ಡ ತಲೆನೋವು. 41 ಅಡಿ ಉದ್ದದ ಕಲ್ಲು ದಾರಿಯಲ್ಲಿ ಎರಡು ತುದಿ ಮಾತ್ರ ಆಧಾರದ ಮೇಲೆ ನಿಂತಿತು ಅಂದರೆ ನಡುವೆ ಮುರಿದೇ ಹೋಗಬಹುದು. ಕಲ್ಲು ಒತ್ತುವ ಭಾರಕ್ಕೆ ಜಗ್ಗುವುದಿಲ್ಲ, ಬಾಗಿಸುವ ಭಾರ ತಡೆಯುವುದಿಲ್ಲ. ಅದನ್ನು ಬಂಡಿಯ ಮೇಲೆ ಸಮನಾಗಿ ಕೂರಿಸಿ ತಂದ ಮನುಷ್ಯನಿಗೆ ನಮ್ಮ ಬೆಂಡಿಂಗ್ ಮೊಮೆಂಟ್ ಸೂತ್ರ ಗೊತ್ತಿರಲಿಲ್ಲ, ಆದರೆ ವಿಷಯ ಚೆನ್ನಾಗಿ ಗೊತ್ತಿತ್ತು.

ನಮ್ಮ ಗುಂಪಿನ ಗುತ್ತಿಗೆದಾರರೊಬ್ಬರು ತಮ್ಮ ಪರಿಚಯದ ಹಳೆಯ ಕಲ್ಲುಕುಟಿಗರೊಬ್ಬರನ್ನು ಅಲ್ಲಿಗೆ ಕರೆತಂದರು. ಮನೆತನದಿಂದ ಕಲ್ಲಿನ ಕೆಲಸದವರು. ವಯಸ್ಸಾಗಿದೆ, ಉಳಿ ಹಿಡಿದು ಹಿಡಿದು ಹೆಬ್ಬೆರಳು ಸೊಟ್ಟಗಾಗಿದೆ. ಹುಡುಗರೆಲ್ಲ ಕೋಣದ ಸಾಲು ಎಣಿಸುತ್ತಿದ್ದರೆ ಅವರು ಬಂಡಿಯ ಹಿಂದಿನ ಭಾಗ ಬಿಟ್ಟು ಕಣ್ಣು ತೆಗೆಯಲಿಲ್ಲ.

'ಅಜ್ಜಾರ, ಏನ್ ನೋಡಾಕತ್ತೀರಿ?' ಅಂತ ಹುಡುಗನೊಬ್ಬ ಕೇಳಿದ.

'ಹಿಂದ ನಿಂತಾವನ್ನ ನೋಡಪಾ. ಅವನ ಖರೇ ಮೇಸ್ತ್ರಿ. ಮುಂದಿನಾವ ಬರೇ ಕೋಣ ಹೊಡಿತಾನ, ಹೋ ಅಂತಾನ. ಹಿಂದಿನಾವ ಗಾಲಿ ಹಿಂದಕ ಜಾರದಂಗ ನೋಡಬೇಕು. ಒಂದ್ ಸಲ ಅವನ ಕೈ ತಪ್ಪಿತು ಅಂದ್ರ ಕಲ್ಲೂ ಹಿಂದ, ಕೋಣಾನೂ ಹಿಂದ.'

'ನಿಮ್ಮ ಕಾಲದಾಗ ಹೆಂಗ ಸಾಗಿಸ್ತಿದ್ರಿ?'

'ನಮ್ಮಪ್ಪನ ಕಾಲಕ್ಕ ಎತ್ತಿನ ಬಂಡಿ. ನನ್ನ ಕಾಲಕ್ಕ ಲಾರಿ ಬಂದ್ವು. ಆದ್ರ ಲಾರಿಗೆ ಏರಸಾಕ ಹಾರಿ, ಬೆಣಿ ಇವ ಬೇಕಲ್ಲ. ಅದೇನ್ ಬದಲಾಗಿಲ್ಲ.'

ಈ ಮಾತಿನಿಂದಲೇ ಫ್ಲೆಕ್ಸಿನ ರೂಪ ತೀರ್ಮಾನ ಆಯಿತು. ಪ್ರತಿ ಕಟ್ಟಡಕ್ಕೂ ಮೂರು ಸಾಲು. ಯಾರ ಆಳ್ವಿಕೆ, ಯಾರ ಉಸ್ತುವಾರಿ, ಯಾರ ದುಡಿಮೆ. ಮೂರೂ ಒಂದೇ ಅಕ್ಷರದ ಗಾತ್ರದಲ್ಲಿ. ಒಳಗೋಡೆಯ ಫ್ಲೆಕ್ಸಿನಲ್ಲಿ ಆಳ್ವಿಕೆ ಪ್ರತಾಪರುದ್ರನದು, ಉಸ್ತುವಾರಿ ವಿಠ್ಠಲನದು. ದುಡಿಮೆಯ ಸಾಲಿನಲ್ಲಿ ಹೆಸರಿನ ಬದಲು ಆ ಚಿತ್ರವನ್ನೇ ಹುಡುಗರು ಗೆರೆ ಎಳೆದು ಬಿಡಿಸಿದರು. ಮೀಟುಗೋಲು ಹಿಡಿದವನ ಪಕ್ಕ ಒಂದು ಬಾಣದ ಗುರುತು, ಅದರ ಕೆಳಗೆ ಅಜ್ಜಾರ ಮಾತು ಅವರದೇ ಭಾಷೆಯಲ್ಲಿ.

(ಡಿಟಿಪಿ ಅಂಗಡಿಯಲ್ಲಿ ಅಕ್ಷರಗಳನ್ನು 'ನುಡಿ' ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಾಯಿಸುವಾಗ ವಿಠ್ಠಲನ ಒತ್ತಕ್ಷರ ಕಳಚಿ ಬಿತ್ತು. ಕಲ್ಲಿನಲ್ಲಿ ಏಳುನೂರು ವರ್ಷ ಬಾಳಿದ ಹೆಸರು ನಮ್ಮ ಕಂಪ್ಯೂಟರಿನಲ್ಲಿ ಅರ್ಧ ಗಂಟೆ ಬಾಳಲಿಲ್ಲ. ಪ್ರೂಫ್ ನೋಡಿದ್ದರಿಂದ ಬಚಾವಾದೆವು.)

ಒಂದು ಮಿನಾರು, ಒಬ್ಬ ಅಂಬರ್

ಎರಡನೆಯ ಫ್ಲೆಕ್ಸ್ ಏಕ್ ಮಿನಾರ್ ಕಿ ಮಸೀದಿಯದ್ದು. ಇದು ಸಲೀಸು ಅಂದುಕೊಂಡಿದ್ದೆವು, ಯಾಕೆಂದರೆ ಅಲ್ಲಿ ಪರ್ಷಿಯನ್ ಶಾಸನ ಇದೆ. ಹಿಜರಿ 919, ಅಂದರೆ 1513-14. ಮಹಮೂದ್ ಶಾ ಬಹಮನಿಯ ಆಳ್ವಿಕೆ. ಕಟ್ಟಿಸಿದವನ ಹೆಸರು ಅಂಬರ್. ಮಸೀದಿಗೆ ಒಂದೇ ಮಿನಾರು, ಎತ್ತರ ಸುಮಾರು 65 ಅಡಿ. ಬುಡದಿಂದ ಮೇಲಕ್ಕೆ ಹೋದಂತೆ ಸಣ್ಣಗಾಗುತ್ತದೆ. ಎರಡು ಅಂತಸ್ತು, ಎರಡಕ್ಕೂ ಸುತ್ತ ಹೊರಚಾಚಿದ ಕಲ್ಲಿನ ಕಟಾಂಜನ, ತಲೆಯ ಮೇಲೆ ಅರೆಗೋಳದ ಗುಮ್ಮಟ, ಒಳಗೆ ಸುತ್ತು ಮೆಟ್ಟಿಲು. ಬೀದರಿನ ಮಹಮೂದ್ ಗವಾನನ ಮದ್ರಸಾದಲ್ಲಿ ಉಳಿದಿರುವ ಮಿನಾರನ್ನು ನೋಡಿದವರಿಗೆ ಇದು ಅದೇ ಮನೆತನದ್ದು ಅಂತ ಗೊತ್ತಾಗುತ್ತದೆ. ಮದ್ರಸಾ 1472ರದ್ದು.

ಇದು ಕಟ್ಟಿ ಆರೇಳು ವರ್ಷಕ್ಕೇ ಊರ ಹೊರಗೆ 1520ರ ಯುದ್ಧ ನಡೆಯಿತು. ಹೊರಕೋಟೆ ಏಳುವ ಮೂವತ್ತೈದು ವರ್ಷ ಮೊದಲೇ ಈ ಮಿನಾರು ನಿಂತಿತ್ತು. ಊರಿನ ಬಹಳ ಜನ ಉಲ್ಟಾ ಅಂದುಕೊಂಡಿದ್ದರು.

ತೊಡಕು ಎದ್ದದ್ದು ಅಂಬರ್ ಅನ್ನುವ ಹೆಸರಿನಿಂದ. ಒಬ್ಬರು ತಕ್ಷಣ ಮೊಬೈಲ್ ತೆಗೆದು, 'ಅರೆ, ಮಲಿಕ್ ಅಂಬರ್! ಆಫ್ರಿಕಾದಿಂದ ಬಂದು ಅಹಮದ್‌ನಗರ ಆಳಿದಾತ' ಅಂದರು. ಕಥೆ ಎಷ್ಟು ಚೆನ್ನಾಗಿದೆ ನೋಡಿ. ಆದರೆ ಮಲಿಕ್ ಅಂಬರ್ ಹುಟ್ಟಿದ್ದೇ 1548ರ ಸುಮಾರಿಗೆ, ಸತ್ತದ್ದು 1626ರಲ್ಲಿ. ಮಿನಾರು ಕಟ್ಟಿದಾಗ ಆತನ ಅಪ್ಪನೂ ಹುಟ್ಟಿದ್ದನೋ ಇಲ್ಲವೋ. ದಖ್ಖನದಲ್ಲಿ ಆಫ್ರಿಕಾ ಮೂಲದವರಿಗೆ ಅಂಬರ್ ಅಂತ ಹೆಸರಿಡುತ್ತಿದ್ದದ್ದು ನಿಜ. ಹಾಗಂತ ಬರೀ ಹೆಸರು ನೋಡಿ ಒಬ್ಬ ಮನುಷ್ಯನ ಮೂಲ ಬರೆಯಲಾಗುವುದಿಲ್ಲ. ಫ್ಲೆಕ್ಸಿನಲ್ಲಿ 'ಉಸ್ತುವಾರಿ: ಅಂಬರ್' ಅಷ್ಟೇ ಹೋಯಿತು, ಕೆಳಗೆ ಸಣ್ಣದಾಗಿ 'ಮಲಿಕ್ ಅಂಬರ್ ಅಲ್ಲ'. ದುಡಿಮೆಯ ಸಾಲು ಖಾಲಿ ಬಿಟ್ಟೆವು. ಏನಾದರೂ ತುಂಬಿಸಿ, ಖಾಲಿ ಚೆನ್ನಾಗಿ ಕಾಣಲ್ಲ ಅಂತ ಡಿಸೈನ್ ಮಾಡಿದ ಹುಡುಗ ಗೋಗರೆದ. ಬಿಡಲಿಲ್ಲ.

ಹೆಸರು ಬರೆಸಿಕೊಂಡವರು, ಹೆಸರು ಕಳೆದುಕೊಂಡವರು

ಕಟ್ಟಿದವರ ಹೆಸರು ಬರೆಯುವ ರೂಢಿ ನಮ್ಮ ಕಡೆ ಇರಲೇ ಇಲ್ಲ ಅಂತ ಒಬ್ಬರು ವಾದ ಹೂಡಿದರು. ಇತ್ತು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೇ ಶತಮಾನದಲ್ಲಿ ಲೋಕಮಹಾದೇವಿ ಕಟ್ಟಿಸಿದಳು. ಅಲ್ಲಿನ ಶಾಸನದಲ್ಲಿ ಗುಂಡ ಅನಿವಾರಿತಾಚಾರಿ ಅನ್ನುವ ಸೂತ್ರಧಾರಿಯ, ಅಂದರೆ ಮುಖ್ಯ ಶಿಲ್ಪಿಯ ಹೆಸರಿದೆ, ಅವನಿಗೆ ಸಂದ ಬಿರುದೂ ಇದೆ. ಹೊಯ್ಸಳರ ಕಾಲದ ಮಲ್ಲಿತಮ್ಮ ಸೋಮನಾಥಪುರದಲ್ಲಿ ತನ್ನ ಹೆಸರು ಕೆತ್ತಿದ್ದಾನೆ. ಅಷ್ಟು ದೂರ ಬೇಡ ಅಂದರೆ ಕೊಪ್ಪಳ ಜಿಲ್ಲೆಯ ಇಟಗಿಗೆ ಹೋಗಿ. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಅದು. ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಅಂತ ಕರೆಯುತ್ತದೆ.

ಹೆಸರು ಕಳೆದುಕೊಂಡವರ ಕಥೆ ಬೇಕೆಂದರೆ ಬಳ್ಳಾರಿ. ನಮ್ಮ ಗುಂಪಿನಲ್ಲಿ ಬಳ್ಳಾರಿಯವರೊಬ್ಬರು ಇದ್ದಾರೆ, ಅವರು ಈ ಕಥೆಗೂ ಒಂದು ಫ್ಲೆಕ್ಸ್ ಕೇಳಿದರು. ಹೈದರಾಲಿ ಬಳ್ಳಾರಿ ಕೋಟೆ ವಶಪಡಿಸಿಕೊಂಡ ಮೇಲೆ ಫ್ರೆಂಚ್ ಇಂಜಿನಿಯರ್ ಒಬ್ಬನಿಂದ ಅದನ್ನು ದುರಸ್ತಿ ಮಾಡಿಸಿ, ಕೆಳಗೋಟೆ ಸೇರಿಸಿದ. ಕೆಲಸ ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ! ಅಲ್ಲಿಂದ ತೋಪು ಹಾರಿಸಿದರೆ ಕೋಟೆ ಗತಿ ಏನು ಅಂತ ಹೈದರಾಲಿಗೆ ಸಿಟ್ಟು ಬಂದು ಇಂಜಿನಿಯರನ್ನು ಕೋಟೆ ಬಾಗಿಲಲ್ಲೇ ನೇಣಿಗೆ ಹಾಕಿಸಿದನಂತೆ. ಪೂರ್ವ ಬಾಗಿಲ ಹತ್ತಿರದ ಸಮಾಧಿ ಅವನದೇ ಅನ್ನುತ್ತಾರೆ. ಅಲ್ಲ, ಅದು ಒಬ್ಬ ಸಂತರದು ಅಂತ ನಡೆದುಕೊಳ್ಳುವ ಮುಸ್ಲಿಮರೂ ಇದ್ದಾರೆ.

ಸೈಟ್ ನೋಡಿದ ಯಾವ ಇಂಜಿನಿಯರನಿಗೂ ಈ ಕಥೆ ಅನುಮಾನ ಹುಟ್ಟಿಸುತ್ತದೆ. ಕೋಟೆ ಇರುವ ಗುಡ್ಡದ ಮೇಲೆ ಮೇಲ್ಗೋಟೆ ಕಟ್ಟಿದವನು ಹನುಮಪ್ಪ ನಾಯಕ, ಅದೂ ವಿಜಯನಗರದ ಕಾಲಕ್ಕೆ. ಗುಡ್ಡ ಆರಿಸಿದ್ದು ಫ್ರೆಂಚನಲ್ಲ. ಪಕ್ಕದ ಗುಡ್ಡದ ಎತ್ತರ ಕಣ್ಣಿಗೇ ಕಾಣುತ್ತದೆ, ಹೈದರಾಲಿಯಂಥ ದಂಡಿನ ಮನುಷ್ಯನಿಗೆ ಕೆಲಸ ಮುಗಿಯುವವರೆಗೆ ಅದು ಕಾಣಲಿಲ್ಲವೇ? ಕಟ್ಟಿದವನನ್ನು ಕೊಂದ ರಾಜನ ಕಥೆ ತಾಜ್‌ಮಹಲಿಗೂ ಅಂಟಿಕೊಂಡಿದೆ. ನನ್ನ ಮಟ್ಟಿಗೆ ಇದು ಕಥೆ. ಆದರೂ ಗಮನಿಸಬೇಕಾದ ವಿಷಯ ಒಂದಿದೆ. ಕಟ್ಟಿದವನ ಹೆಸರು ಯಾರ ಬಾಯಲ್ಲೂ ಇಲ್ಲ, ಅವನ ತಪ್ಪು ಮಾತ್ರ ಎಲ್ಲರ ಬಾಯಲ್ಲೂ ಇದೆ. ಪ್ಲಾನ್ ಹಾಕಿ ಬದುಕುವ ನಮಗೆ ಇದು ಗೊತ್ತಿಲ್ಲದ್ದೇನಲ್ಲ. ಮನೆ ಚೆನ್ನಾಗಿ ಬಂದರೆ ಯಜಮಾನನ ಅಭಿರುಚಿ, ಸೋರಿದರೆ ಇಂಜಿನಿಯರ್ ಹೆಸರು.

ಬಳ್ಳಾರಿ ಕಥೆಗೆ ಫ್ಲೆಕ್ಸ್ ಮಾಡಿದೆವು, ಆದರೆ ಬೇರೆ ಬಣ್ಣದಲ್ಲಿ, 'ಜನ ಹೇಳುವ ಕಥೆ' ಅನ್ನುವ ತಲೆಬರಹ ಕೊಟ್ಟು, ಹನುಮಪ್ಪ ನಾಯಕನ ವಿಷಯವನ್ನೂ ಸೇರಿಸಿ.

ಕಾಲುವೆ ತಂದವರು

ಕೊನೆಯ ಫ್ಲೆಕ್ಸ್ ತುಂಗಭದ್ರಾ ಅಣೆಕಟ್ಟು. ಅದು ರಾಯಚೂರು ಊರಲ್ಲಿ ಇಲ್ಲ, ಸರಿ. ಆದರೆ ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿದು ನಮ್ಮ ಜಿಲ್ಲೆಯ ಭತ್ತದ ಗದ್ದೆಗೆ ಬರುತ್ತದೆ. ಅದನ್ನು ಬಿಟ್ಟು ಈ ಕಡೆಯ ಕಟ್ಟಡ ಕೆಲಸದ ಮಾತೇ ಆಡಲಾಗದು. 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆ ಆಯಿತು. ನದಿಯ ಆ ದಡ ಮದ್ರಾಸ್ ಪ್ರಾಂತ್ಯ, ಈ ದಡ ನಿಜಾಮರ ಹೈದರಾಬಾದ್. ಎರಡೂ ಕಡೆಯವರು ಸೇರಿ ಕಟ್ಟಿದ್ದು. ಗಾರೆ ಸುರ್ಕಿಯದು (ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ್ದು), ಸಿಮೆಂಟಿನದಲ್ಲ.

ಮದ್ರಾಸ್ ಕಡೆಯ ಇಂಜಿನಿಯರ್ ತಿರುಮಲೆ ಅಯ್ಯಂಗಾರ್. ಅವರ ಹೆಸರಿನಲ್ಲಿ ಡ್ಯಾಮಿನ ಹತ್ತಿರ ಒಂದು ಸಭಾಭವನ ಇದೆ. ಹೈದರಾಬಾದ್ ಕಡೆ ಈ ಯೋಜನೆಗಾಗಿ ದುಡಿದವರಲ್ಲಿ ದೊಡ್ಡ ಹೆಸರು ನವಾಬ್ ಅಲಿ ನವಾಜ್ ಜಂಗ್. ನಿಜಾಮಸಾಗರ ಅಣೆಕಟ್ಟು ಕಟ್ಟಿಸಿದ ಮುಖ್ಯ ಇಂಜಿನಿಯರ್. ತೆಲಂಗಾಣದಲ್ಲಿ ಅವರ ಹುಟ್ಟುಹಬ್ಬ ಜುಲೈ 11ಕ್ಕೆ ಇಂಜಿನಿಯರ್‌ಗಳ ದಿನ ಮಾಡುತ್ತಾರೆ. ರಾಯಚೂರು 1956ರವರೆಗೆ ಅದೇ ಹೈದರಾಬಾದ್ ರಾಜ್ಯದಲ್ಲಿತ್ತು, ಆದರೂ ನಮ್ಮ ಗುಂಪಿನಲ್ಲಿ ಆ ಹೆಸರು ಕೇಳಿದ್ದವರು ಒಬ್ಬರೇ. ಗಡಿ ಬದಲಾದಾಗ ನೆನಪುಗಳನ್ನೂ ಹಂಚಿಕೊಂಡೆವು ಅಂತ ಕಾಣುತ್ತದೆ. ವಿಶ್ವೇಶ್ವರಯ್ಯನವರನ್ನು ಮಾತ್ರ ಎರಡೂ ಕಡೆ ಬಿಟ್ಟುಕೊಟ್ಟಿಲ್ಲ. 1908ರ ಮೂಸಿ ನದಿಯ ಪ್ರವಾಹದ ಮೇಲೆ ಹೈದರಾಬಾದನ್ನು ಉಳಿಸುವ ಯೋಜನೆ ಮಾಡಿಕೊಟ್ಟವರು ಅವರೇ ಆದ್ದರಿಂದ ಅದೂ ನ್ಯಾಯವೇ.

ಆ ದಿನ, ಆಮೇಲೆ

ಜನ ಬಂದರು. ಹೆಚ್ಚು ಹೊತ್ತು ನಿಂತದ್ದು ಕೋಣದ ಬಂಡಿಯ ಮುಂದೆ. ಅಜ್ಜಾರು ಮೊಮ್ಮಕ್ಕಳನ್ನು ಕರೆದುಕೊಂಡು ಬಂದು ತಮ್ಮ ಮಾತು ಅಚ್ಚಾಗಿರುವುದನ್ನು ಓದಿಸಿಕೊಂಡರು. ಏಕ್ ಮಿನಾರ್ ಕಡೆಯ ಹಿರಿಯರೊಬ್ಬರು ಖಾಲಿ ಸಾಲನ್ನು ನೋಡಿ, 'ಇದು ಖಾಲಿ ಬಿಟ್ಟದ್ದೇ ಬರೋಬ್ಬರಿ ಆತು' ಅಂದರು. ಕೃಷ್ಣದೇವರಾಯನ ಪರ ಇದ್ದವರು ಅಷ್ಟೇನೂ ಖುಷಿಯಾಗಲಿಲ್ಲ. ಯುದ್ಧ ಗೆದ್ದವನಿಗೂ ಗೋಡೆ ಕಟ್ಟಿಸಿದವನಿಗೂ ಒಂದೇ ಜಾಗ ಕೊಡಿ ಅನ್ನುವುದು ಅವರ ಬೇಡಿಕೆ. ಕೋಟೆಯ ಬಾಗಿಲುಗಳ ಫ್ಲೆಕ್ಸ್ ಬರಲಿ, ಆಮೇಲೆ ನೋಡೋಣ ಅಂತ ಅವರಿಗೆ ಹೇಳಿದ್ದೇವೆ. ನೌರಂಗಿ, ಮೆಕ್ಕಾ, ಕಾಟಿ ದರ್ವಾಜಾಗಳ ಕೆಲಸ ಇನ್ನೂ ಬಾಕಿ ಇದೆ. ಅಲ್ಲಿ ಪರ್ಷಿಯನ್ ಓದಬಲ್ಲವರ ಕೈ ಬೇಕು.

ರುದ್ರಮ್ಮದೇವಿಯ ವಿಷಯಕ್ಕೆ ಬೇಜಾರಾಗಿದ್ದ ಹುಡುಗಿ ಸುಮ್ಮನಾಗಲಿಲ್ಲ. ಈಗಿನ ಸೈಟುಗಳಲ್ಲಿ ಪುಟ್ಟಿ ಹೊರುವ ಹೆಂಗಸರ ಫೋಟೊ ತೆಗೆದು, ಹೆಸರು ಕೇಳಿ ಬರೆದು, ಒಪ್ಪಿದವರದ್ದು ಮಾತ್ರ ಸೇರಿಸಿ ತಾನೇ ಒಂದು ಫ್ಲೆಕ್ಸ್ ಮಾಡಿದಳು. ಅದರಲ್ಲಿ ದುಡಿಮೆಯ ಸಾಲು ತುಂಬಿತ್ತು, ಮೇಲಿನ ಎರಡು ಸಾಲು ಖಾಲಿ.

ಫ್ಲೆಕ್ಸ್‌ಗಳು ಈಗ ಒಂದು ಡ್ರಾಯಿಂಗ್ ಹಾಲಿನಲ್ಲಿವೆ. ರಾಯಚೂರಿನ ಬಿಸಿಲಿಗೆ ಹೊರಗೆ ಇಟ್ಟಿದ್ದರೆ ಒಂದು ಬೇಸಿಗೆಯೂ ತಡೆಯುತ್ತಿರಲಿಲ್ಲ. ಕೋಟೆಯ ಹತ್ತಿರವೇ ಒಂದು ಶಾಶ್ವತ ಫಲಕ ಆಗಲಿ ಅಂತ ಅರ್ಜಿ ಕೊಟ್ಟಿದ್ದೇವೆ. ಹಳೆಯ ಸ್ಮಾರಕದ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಹೊಡೆಯಲೂಬಾರದು. ಹಾಗಾಗಿ ಗೋಡೆಯಿಂದ ದೂರ, ದಾರಿಯ ಬದಿಗೆ, ಕಲ್ಲಿನ ಕಂಬದ ಮೇಲೆ ನಿಲ್ಲುವ ಫಲಕದ ಡ್ರಾಯಿಂಗ್ ಜೊತೆಗಿಟ್ಟಿದ್ದೇವೆ. ಕಂಬ ಕೆತ್ತಿಕೊಡಲು ಅಜ್ಜಾರ ಮಗ ಒಪ್ಪಿದ್ದಾನೆ, ರೇಟು ಮಾತಾಡಿಯಾಗಿದೆ.